ಮನೆ ಬಾಗಿಲಿಂದ ಪ್ಲಾಟ್‌ಫಾರಂವರೆಗೆ

ಕೇಳುಗರಿಗೆ ನಮಸ್ಕಾರ. ಶಹಾಬಾದ್, ವಾಡಿ ಕಡೆಯಿಂದ ಕಲಬುರಗಿಗೆ ದಿನಾ ರೈಲಿನಲ್ಲಿ ಓಡಾಡುವವರು, ಊರ ಹೊರಗಿನ ಲೇಔಟುಗಳಲ್ಲಿ ಸೈಟು ನೋಡುತ್ತಿರುವವರು, ಸ್ವಲ್ಪ ಹೊತ್ತು ನನ್ನ ಮಾತು ಕೇಳಿ. ನಗರ ಯೋಜನೆ ನನ್ನ ಕೆಲಸ. ಇವತ್ತು ಹೇಳುವುದು ಒಂದೇ ಮಾತು. ಮನೆಯಿಂದ ಸ್ಟೇಷನ್ನಿಗೆ ಹತ್ತು ನಿಮಿಷದಲ್ಲಿ ನಡೆದು ಹೋಗುವಂತಿರಬೇಕು. ಹತ್ತು ನಿಮಿಷ ಅಂದರೆ ಸುಮಾರು 800 ಮೀಟರ್. ಅಷ್ಟೇ ಲೆಕ್ಕ.

ನಮ್ಮ ಕಡೆಯ ಎಷ್ಟೋ ಜನ ದುಡಿಯಲು ಮುಂಬೈಗೆ ಹೋಗಿದ್ದಾರೆ. ನನ್ನ ಅಕ್ಕನ ಮನೆಯೂ ಅಲ್ಲೇ, ನವಿ ಮುಂಬೈನ ವಾಶಿಯಲ್ಲಿ. ಮೊದಲ ಸಲ ಹೋದಾಗ ಬೆಳಿಗ್ಗೆ ಲೋಕಲ್ ಹಿಡಿಯಬೇಕಿತ್ತು. ನಾನು ಒಂದು ತಾಸು ಮೊದಲೇ ಬೂಟು ಹಾಕಿಕೊಂಡು ಕೂತೆ. ಅಕ್ಕ ಇನ್ನೂ ರೊಟ್ಟಿ ಬಡಿಯುತ್ತಿದ್ದಳು.

"ಆಟೋ ಕರೀಲೇನಕ್ಕಾ?" ಅಂದೆ.

"ಗಡಿಬಿಡಿ ಯಾಕ ತಮ್ಮಾ? ಇದೊಂದು ರೊಟ್ಟಿ ಆಗ್ಲಿ, ನಡಕೊಂತ ಹೋಗೂಣು."

ರೊಟ್ಟಿ ಆಯಿತು. ಡಬ್ಬಿ ಕಟ್ಟಿದಳು, ಬೀಗ ಹಾಕಿದಳು, ಪಕ್ಕದ ಮನೆಯವರ ಹತ್ತಿರ ನಿಂತು ಎರಡು ಮಾತಾಡಿದಳು. ನನ್ನ ಕಣ್ಣು ಗಡಿಯಾರದ ಮೇಲೆ. ಗೇಟು ದಾಟಿದರೆ ಫುಟ್‌ಪಾತ್ ತುಂಬ ಜನ, ಎಲ್ಲರ ಮುಖವೂ ಸ್ಟೇಷನ್ ಕಡೆಗೆ. ನಾನು ಹೆಜ್ಜೆ ಎಣಿಸುತ್ತಾ ಹೋದೆ. 1,040 ಹೆಜ್ಜೆಗೆ ಸ್ಟೇಷನ್ ಬಾಗಿಲು! ರೈಲು ಬರಲು ಇನ್ನೂ ನಾಲ್ಕು ನಿಮಿಷ ಇತ್ತು.

ವಾಶಿಗೆ ರೈಲು ಬಂದದ್ದು 1992ರಲ್ಲಿ. ಅಲ್ಲಿ ಊರು ಕಟ್ಟಿದ ಸಿಡ್ಕೊ ಸಂಸ್ಥೆಯೇ ರೈಲು ಮಾರ್ಗದ ಖರ್ಚಿಗೂ ಮೂರರಲ್ಲಿ ಎರಡು ಪಾಲು ಹಾಕಿತು. ಉಳಿದದ್ದು ರೈಲ್ವೆಯದು. ಹೀಗಾಗಿ ಮನೆ, ಹಳಿ, ನಡುವಿನ ದಾರಿ ಮೂರೂ ಒಂದೇ ನಕ್ಷೆಯಲ್ಲಿ ಕೂತವು.

ನಮ್ಮಲ್ಲಿ? ನಾನು ಕೆಲವು ವರ್ಷ ಇದ್ದ ಒಂದು ಬಡಾವಣೆಯಲ್ಲಿ ಮಾಳಿಗೆ ಹತ್ತಿದರೆ ಸ್ಟೇಷನ್ನಿನ ಹಳದಿ ಬೋರ್ಡು ಓದಬಹುದಿತ್ತು. ಆದರೆ ನಡುವೆ ಉದ್ದಕ್ಕೂ ಗೋಡೆ. ಸುತ್ತಿ ಹೋದರೆ ಎರಡೂವರೆ ಕಿಲೋಮೀಟರ್. ಜನ ಗೋಡೆ ಹತ್ತಿ ಇಳಿದು ಹಳಿ ದಾಟುತ್ತಿದ್ದರು. ಸೀರೆಯುಟ್ಟ ಹೆಣ್ಣುಮಕ್ಕಳು ಡಬ್ಬಿಯ ಚೀಲ ಮೊದಲು ಆ ಕಡೆ ಇಳಿಸಿ, ಆಮೇಲೆ ತಾವು ಹತ್ತುತ್ತಿದ್ದರು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಗೋಡೆಯಲ್ಲಿ ಒಂದು ಬಾಗಿಲು, ಹಳಿಯ ಮೇಲೊಂದು ಕಾಲುಸೇತುವೆ ಸಾಕಿತ್ತು, ಅಲ್ವಾ?

ಬೀದರ್–ಕಲಬುರಗಿ ಮಾರ್ಗ 2017ರಲ್ಲಿ ಶುರುವಾಯಿತು. 110 ಕಿಲೋಮೀಟರ್. ನಮ್ಮೂರ ಮಗ್ಗುಲಿಗೇ ತಾಜಸುಲ್ತಾನಪುರ ಸ್ಟೇಷನ್ ಇದೆ. ಇಂಥ ಸ್ಟೇಷನ್ ಸುತ್ತ ಹೊಲ ಖಾಲಿ ಇರುವಾಗಲೇ ಕಾಲುದಾರಿಗೆ ಜಾಗ ಬಿಡಿಸಿಕೊಳ್ಳಬೇಕು. ಮನೆಗಳು ಎದ್ದ ಮೇಲೆ ಯಾರ ಗೋಡೆ ಕೆಡವುತ್ತೀರಿ?

ದಾರಿಗೆ ನೆರಳೂ ಬೇಕು. ಮೇ ತಿಂಗಳಲ್ಲಿ ನಮ್ಮ ಬಿಸಿಲು 42 ಡಿಗ್ರಿ ಮುಟ್ಟುತ್ತದೆ, ಎರಡು ಸಾಲು ಬೇವು ಹಾಕಿಸಿ. ಬೀದಿ ದೀಪ, ಸೈಕಲ್ ನಿಲ್ಲಿಸುವ ಜಾಗ, ರೈಲಿನ ಹೊತ್ತಿಗೆ ಸರಿಯಾಗಿ ಸಿಟಿ ಬಸ್ಸು, ಇವುಗಳ ಬಗ್ಗೆಯೂ ಹೇಳಬೇಕಿತ್ತು. ಸಮಯ ಆಗುತ್ತಾ ಬಂತು.

ಸೈಟು ಕೊಳ್ಳುವವರೇ, "ಸ್ಟೇಷನ್ ಇಲ್ಲೇ ಹತ್ತಿರ" ಅಂತ ಏಜೆಂಟರು ಕಾರಿನಲ್ಲಿ ಕೂರಿಸಿಕೊಂಡು ತೋರಿಸುತ್ತಾರೆ. ಕಾರಿನಿಂದ ಇಳಿಯಿರಿ. ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಸೈಟಿನಿಂದ ಪ್ಲಾಟ್‌ಫಾರಂವರೆಗೆ ನಡೆಯಿರಿ, ಗಡಿಯಾರ ನೋಡಿಕೊಳ್ಳಿ. ಅಡ್ವಾನ್ಸ್ ಮಾತು ಆಮೇಲೆ. ನಮಸ್ಕಾರ.