ಪಂಪಿಗೆ ಡೈರೆಕ್ಟ್ ಕೊಟ್ಟೀನಿ ಸರ

ಕೇಳುಗರಿಗೆ ನಮಸ್ಕಾರ.

ಬಳ್ಳಾರಿಯಲ್ಲಿ ಹಳೆ ಕಾರು ಇಟ್ಟುಕೊಂಡವರಿಗೆ ಈ ಮಾತು ಗೊತ್ತಿರುತ್ತದೆ: 'ಪಂಪಿಗೆ ಡೈರೆಕ್ಟ್ ಕೊಟ್ಟೀನಿ ಸರ, ಇನ್ನ ಚಿಂತಿ ಬಿಡ್ರಿ.' ನಾನೂ ಬಿಟ್ಟಿದ್ದೆ. ನನ್ನದು 2003ರ ಕಾರು. ಒಂದು ಬೇಸಿಗೆಯಲ್ಲಿ ಹೊಸಪೇಟೆ ರಸ್ತೆ, ತೋರಣಗಲ್ಲು ಹತ್ತಿರ ನಿಂತುಹೋಯಿತು. ಸಿಕ್ಕ ಮೆಕ್ಯಾನಿಕ್ ಬ್ಯಾಟರಿಯಿಂದ ಪೆಟ್ರೋಲ್ ಪಂಪಿಗೆ ಒಂದು ವೈರು ಎಳೆದ. ಪಂಪ್ ಅಂದರೆ ಬಂಕ್ ಅಲ್ಲ, ಟ್ಯಾಂಕಿನೊಳಗೆ ಮುಳುಗಿರುವ ಪುಟ್ಟ ಮೋಟಾರು. ಸ್ಟೀರಿಂಗ್ ಕೆಳಗೆ ಒಂದು ಸ್ವಿಚ್ಚನ್ನೂ ಕೂರಿಸಿದ. ಮನೆ ಗೋಡೆಗೆ ಹಾಕುತ್ತೇವಲ್ಲ, ಅದೇ ಸ್ವಿಚ್ಚು! ಎರಡು ವರ್ಷ ಕಾರು ಹಾಗೇ ಓಡಿತು.

ಈಚೆಗೆ ಹಿಂದಿನ ಸೀಟು ಎತ್ತಿಸಿ ನೋಡಿದೆ. ವೈರು ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ಹಾದಿತ್ತು. ಅಂಚಿಗೆ ಉಜ್ಜಿ ಉಜ್ಜಿ ಒಳಗಿನ ತಾಮ್ರ ಹೊಳೆಯುತ್ತಿತ್ತು. ಜಾಯಿಂಟಿನ ಟೇಪು ನಮ್ಮ ಬಿಸಿಲಿಗೆ ಬೆಲ್ಲದ ಪಾಕದ ಹಾಗೆ ಅಂಟಂಟಾಗಿತ್ತು, ಅದರ ಮೇಲೆ ಅದಿರಿನ ಕೆಂಪು ಧೂಳು. ಫ್ಯೂಸ್ ಎಲ್ಲೂ ಇಲ್ಲ. ಆ ತಾಮ್ರ ತಗಡಿಗೆ ಸರಿಯಾಗಿ ತಾಗಿದ್ದರೆ ಬ್ಯಾಟರಿಯ ಕರೆಂಟೆಲ್ಲ ಅದೊಂದೇ ವೈರಿನಲ್ಲಿ ನುಗ್ಗಿ, ಟ್ಯಾಂಕಿನ ಪಕ್ಕದಲ್ಲೇ ಕೆಂಡವಾಗುತ್ತಿತ್ತು.

ಇನ್ನೊಂದು ಸಂಗತಿ ನನಗೆ ಆಗಲೇ ಗೊತ್ತಾಗಿದ್ದು. ಕೀ ತಿರುಗಿಸಿದಾಗ ಹಿಂದೆ 'ಗುಂಯ್' ಅಂತ ಎರಡು ಮೂರು ಸೆಕೆಂಡು ಸದ್ದು ಬರುತ್ತದೆ ಅಲ್ವಾ? ಅದು ಈ ಪಂಪಿನದೇ. ಇಂಜಿನ್ ಸ್ಟಾರ್ಟ್ ಮಾಡದಿದ್ದರೆ ಅದು ತಾನೇ ನಿಲ್ಲುತ್ತದೆ. ನಿಲ್ಲಿಸುವುದು ಕಾರಿನ ಇಸಿಎಂ, ಅಂದರೆ ಇಂಜಿನ್ನನ್ನು ನೋಡಿಕೊಳ್ಳುವ ಪುಟ್ಟ ಕಂಪ್ಯೂಟರು. ಅದು ರಿಲೇ ಮೂಲಕ, ಅಂದರೆ ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್ಚಿನ ಮೂಲಕ, ಪಂಪಿನ ಕರೆಂಟು ಕಡಿಯುತ್ತದೆ. ಕಾರು ಎಲ್ಲಾದರೂ ಗುದ್ದಿ ಇಂಜಿನ್ ನಿಂತರೂ ಅದೇ ರೀತಿ ಪಂಪನ್ನು ನಿಲ್ಲಿಸುತ್ತದೆ. ಡೈರೆಕ್ಟ್ ಕೊಟ್ಟ ಪಂಪಿಗೆ ಹೇಳುವವರೇ ಇಲ್ಲ. ಪೈಪು ಹರಿದಿದ್ದರೂ ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ. ಸ್ವಿಚ್ಚು ಆರಿಸಬೇಕಾದವನು ಆಗ ಯಾವ ಸ್ಥಿತಿಯಲ್ಲಿರುತ್ತಾನೋ!

ರಿಪೇರಿಗೆ ಗೊತ್ತಿದ್ದ ಎಲೆಕ್ಟ್ರಿಷಿಯನ್ ಬಳಿ ಹೋದೆ. ಅವರು ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದರು. ಆಮೇಲೆ ಆ ವೈರನ್ನು ಪೂರ್ತಿ ಕಿತ್ತರು. ಅಸಲಿ ಕಾಯಿಲೆ ಏನು ಗೊತ್ತಾ? ರಿಲೇ ಕೂರುವ ಸಾಕೆಟ್ಟಿನ ಒಂದು ಪಿನ್ನು ಸಡಿಲಾಗಿ, ಕಾದು ಕಪ್ಪಾಗಿತ್ತು. ಅಷ್ಟೇ! ಹೊಸ ಸಾಕೆಟ್ಟು, ಹೊಸ ರಿಲೇ ಹಾಕಿದರು. ಟೇಪು ಸುತ್ತಲಿಲ್ಲ, ಜಾಯಿಂಟುಗಳನ್ನು ಕ್ರಿಂಪ್ ಮಾಡಿ, ಅಂದರೆ ಲೋಹದ ತುಂಡಿನಲ್ಲಿ ಒತ್ತಿ ಬಿಗಿದು, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ ಬಿಸಿ ಕೊಟ್ಟರು. ಫ್ಯೂಸ್ ಮಾತ್ರ ಕಾರಿನ ಪುಸ್ತಕದಲ್ಲಿ ಬರೆದಷ್ಟೇ ಆಂಪಿಯರಿನದು. ಪದೇ ಪದೇ ಹೋಗುತ್ತದೆ ಅಂತ ಜಾಸ್ತಿ ಆಂಪಿಯರಿನದು ಹಾಕಿದರೆ, ಫ್ಯೂಸ್ ಬದಲು ವೈರೇ ಸುಡುತ್ತದೆ.

ನಿಮ್ಮ ಕಾರಿಗೂ ಯಾರಾದರೂ ಹೀಗೆ ಕೈ ಹಾಕಿದ್ದಾರಾ? ಕೀ ತಿರುಗಿಸಿ, ಸ್ಟಾರ್ಟ್ ಮಾಡದೆ ಸುಮ್ನೆ ಕೂತು ಕೇಳಿ. ಗುಂಯ್ ಅನ್ನುವ ಸದ್ದು ನಿಲ್ಲದೇ ಇದ್ದರೆ ಅವತ್ತೇ ತೋರಿಸಿ.

ನಮಸ್ಕಾರ.