ಕಿವಿಗೆ ಚುಚ್ಚುವ ಮಾತು, ಕೆಲಸ ಕೆಡಿಸುವ ಮಾತು

ಸ್ನೇಹಿತರೇ,

ಇಂಗ್ಲಿಷಿನ ಯಾವ ಪದ ಕೇಳಿದರೆ ಮೈ ಉರಿಯುತ್ತದೆ ಎಂದು ಹತ್ತು ಜನರನ್ನು ಕೇಳಿ, ಹತ್ತು ಬೇರೆ ಬೇರೆ ಪಟ್ಟಿ ಸಿಗುತ್ತವೆ. ಅಮೆರಿಕದ ಲೇಕ್ ಸುಪೀರಿಯರ್ ಸ್ಟೇಟ್ ಯೂನಿವರ್ಸಿಟಿಯಂತೂ 1976ರಿಂದ ಗಡೀಪಾರು ಮಾಡಬೇಕಾದ ಪದಗಳ ಪಟ್ಟಿಯನ್ನೇ ಹೊರಡಿಸುತ್ತ ಬಂದಿದೆ. ಆದರೆ ಕಿರಿಕಿರಿಯೊಂದನ್ನೇ ಅಳತೆಗೋಲು ಮಾಡಿಕೊಂಡರೆ ನಾವು ನಿರಪರಾಧಿ ಪದಗಳ ಮೇಲೆ ಹರಿಹಾಯುತ್ತೇವೆ. 1710ರಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ‘ಮಾಬ್’ (ಜನಜಂಗುಳಿ), ‘ಬ್ಯಾಂಟರ್’ (ತಮಾಷೆಯ ಕೆಣಕಾಟ) ಎಂಬ ಪದಗಳ ವಿರುದ್ಧ ಸಿಟ್ಟಿನಿಂದ ಬರೆದ. ಇಂದು ಅವು ಯಾರ ಕಿವಿಗೂ ಚುಚ್ಚುವುದಿಲ್ಲ. ‘ಓಕೆ’ ಹುಟ್ಟಿದ್ದೂ ಒಂದು ಚೇಷ್ಟೆಯಿಂದಲೇ: ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ‘oll korrect’ ಎಂದು ತಪ್ಪು ಕಾಗುಣಿತದಲ್ಲಿ ಬರೆದು, ಅದರ ಮೊದಲಕ್ಷರಗಳನ್ನು 1839ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದು ಅಚ್ಚು ಹಾಕಿತು.

‘ಲಿಟರಲಿ’ ಪದದ ದುರುಪಯೋಗದ ಬಗ್ಗೆಯೂ ದೊಡ್ಡ ಗೊಣಗಾಟವಿದೆ. ಅಕ್ಷರಶಃ ಎಂಬ ಅರ್ಥದ ಪದವನ್ನು ಬರೀ ಒತ್ತು ಕೊಡಲು ಬಳಸುತ್ತಾರೆ ಎಂಬುದು ದೂರು. ಹಾಗೆ ನೋಡಿದರೆ ‘ವೆರಿ’ಯ ಕತೆಯೂ ಇದೇ. ‘ನಿಜ’ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದು, ಸವೆದು ಸವೆದು ‘ತುಂಬಾ’ ಆಯಿತು. ‘ರಿಯಲಿ’ಯೂ ಅದೇ ದಾರಿ ಹಿಡಿಯಿತು. ಆಡುಮಾತಿನ ಇಂಥ ಸವೆತದಿಂದ ಕೇಳುವವನಿಗೆ ನಷ್ಟವೇನಿಲ್ಲ. ಹುಡುಗರ ಸ್ಲ್ಯಾಂಗ್ ಅನ್ನು ಅವರ ಪಾಡಿಗೆ ಬಿಡೋಣ.

ನಿಜವಾದ ತೊಂದರೆ ಕಚೇರಿಯ ಇಂಗ್ಲಿಷಿನದು. ‘ಗೋಯಿಂಗ್ ಫಾರ್ವರ್ಡ್, ವಿ ವಿಲ್ ಲೆವರೇಜ್ ಅವರ್ ಸಿನರ್ಜೀಸ್’ ಎಂಬ ವಾಕ್ಯವನ್ನು ಬಿಚ್ಚಿ ನೋಡಿ. ‘ಗೋಯಿಂಗ್ ಫಾರ್ವರ್ಡ್’ ಅಂದರೆ ‘ಮುಂದೆ’, ಆದರೆ ಕ್ರಿಯಾಪದದ ‘ವಿಲ್’ ಅದನ್ನು ಆಗಲೇ ಹೇಳಿದೆ. ‘ಲೆವರೇಜ್’ ಮೂಲತಃ ಸನ್ನೆಗೋಲಿನ ಬಲ, ಹಣಕಾಸಿನಲ್ಲಿ ಸಾಲದ ಹಣದಿಂದ ಹೂಡಿಕೆಯನ್ನು ಹಿಗ್ಗಿಸುವುದು. ಇಲ್ಲಿ ಅದು ಬರೀ ‘ಯೂಸ್’. ಉಳಿದದ್ದು ‘ಒಟ್ಟಿಗೆ ಕೆಲಸ ಮಾಡುತ್ತೇವೆ’ ಎಂಬುದಷ್ಟೇ. ಯಾರು ಯಾರ ಜೊತೆ, ಯಾವ ಕೆಲಸ, ಎಂದಿನೊಳಗೆ? ಒಂದಕ್ಕೂ ಉತ್ತರವಿಲ್ಲ.

‘ಬ್ಯಾಂಡ್‌ವಿಡ್ತ್’ ರೇಡಿಯೊ ಎಂಜಿನಿಯರನ ಬಾಯಲ್ಲಿ ಹರ್ಟ್ಸ್‌ನಲ್ಲಿ ಅಳೆಯಬಹುದಾದ ಖಚಿತ ಸಂಗತಿ. ಕಸುಬಿನ ಒಳಗೆ ಅಂಥ ಪದಗಳು ಬೇಕೇ ಬೇಕು, ಅವನ್ನು ಹಳಿಯುವುದು ಅನ್ಯಾಯ. ‘ಐ ಡೋಂಟ್ ಹ್ಯಾವ್ ದ ಬ್ಯಾಂಡ್‌ವಿಡ್ತ್’ ಎಂದಾಗ ಮಾತ್ರ ಅದು ಮಸುಕಾಗುತ್ತದೆ. ಪುರುಸೊತ್ತಿಲ್ಲವೋ, ಮನಸ್ಸಿಲ್ಲವೋ, ಜನ ಸಾಲದೋ ತಿಳಿಯದು. ‘ಡೌನ್‌ಸೈಸ್’ ಇನ್ನೂ ಕ್ರೂರ. 1970ರ ದಶಕದಲ್ಲಿ ಅಮೆರಿಕದಲ್ಲಿ ಕಾರುಗಳ ಗಾತ್ರ ಕಿರಿದು ಮಾಡುವುದಕ್ಕೆ ಬಳಸಿದ ಪದ, ಆಮೇಲೆ ಮನುಷ್ಯರನ್ನು ಕೆಲಸದಿಂದ ತೆಗೆಯುವುದಕ್ಕೆ ಬಂತು. ತೆಗೆದವರೂ ತೆಗೆಸಿಕೊಂಡವರೂ ಅದರಲ್ಲಿ ಕಾಣುವುದಿಲ್ಲ. ‘ಮಿಸ್ಟೇಕ್ಸ್ ವರ್ ಮೇಡ್’ (ತಪ್ಪುಗಳಾದವು) ಎಂಬುದರ ಜಾಣತನವೂ ಇದೇ. ನಮ್ಮ ‘ಕ್ರಮ ಕೈಗೊಳ್ಳಲಾಗುವುದು’ ಅದರ ಒಡಹುಟ್ಟು.

ಕೆಲವು ಪದಗಳು ನೇರವಾಗಿ ಕೆಲಸ ಕೆಡಿಸುತ್ತವೆ. ಪ್ರಸ್ತಾವವೊಂದನ್ನು ‘ಟೇಬಲ್’ ಮಾಡಿ ಎಂದರೆ ಬ್ರಿಟಿಷರಿಗೆ ಚರ್ಚೆಗೆ ಇಡುವುದು, ಅಮೆರಿಕನ್ನರಿಗೆ ಬದಿಗೆ ಇಡುವುದು. ಇಬ್ಬರೂ ಒಂದೇ ಸಭೆಯಲ್ಲಿದ್ದರೆ ಒಪ್ಪಿಕೊಂಡೇ ಜಗಳವಾಡಬಹುದು. ‘ಬೈವೀಕ್ಲಿ’ ವಾರಕ್ಕೆರಡು ಸಲವೂ ಹೌದು, ಎರಡು ವಾರಕ್ಕೊಮ್ಮೆಯೂ ಹೌದು. ‘ಇಒಡಿ’ ಎಂದರೆ ದಿನದ ಕೊನೆ, ಆದರೆ ಯಾವ ಊರಿನ ಗಡಿಯಾರದ ಪ್ರಕಾರ? ‘ಬಾಲ್‌ಪಾರ್ಕ್ ಫಿಗರ್’ (ಅಂದಾಜು ಲೆಕ್ಕ), ‘ಟಚ್ ಬೇಸ್’ (ಸಂಪರ್ಕಿಸುವುದು) ಬೇಸ್‌ಬಾಲ್ ಮೈದಾನದಿಂದ ಬಂದವು. ಆಟವನ್ನೇ ಕಾಣದವರಿಗೆ ಅವು ಒಗಟು.

ನಿಷೇಧದಿಂದ ಇದು ಸರಿಹೋಗುವುದಿಲ್ಲ. 2009ರಲ್ಲಿ ಇಂಗ್ಲೆಂಡಿನ ಸ್ಥಳೀಯ ಆಡಳಿತಗಳ ಒಕ್ಕೂಟ 200 ಪದಗಳನ್ನು ಬಿಡಿ ಎಂದು ಪಟ್ಟಿ ಕೊಟ್ಟಿತ್ತು. ಉದ್ದೇಶ ಒಳ್ಳೆಯದೇ. ಆದರೆ ‘ಲೆವರೇಜ್’ ಹೊಡೆದು ಹಾಕಿದವನು ಆ ಜಾಗಕ್ಕೆ ‘ಹಾರ್ನೆಸ್’ ತರುತ್ತಾನೆ, ವಾಕ್ಯ ಹಾಗೇ ಟೊಳ್ಳಾಗಿ ಉಳಿಯುತ್ತದೆ.

ಬದಲಿಸಬೇಕಾದ್ದು ವಾಕ್ಯದ ಎಲುಬನ್ನು. ಪತ್ರ ಕಳಿಸುವ ಮುನ್ನ ಕ್ರಿಯಾಪದಗಳಿಗೆ ಗೆರೆ ಹಾಕಿ. ‘ಮೇಕ್’, ‘ಕ್ಯಾರಿ ಔಟ್’, ‘ಕಂಡಕ್ಟ್’ ಪಕ್ಕದಲ್ಲಿ ‘ಶನ್’ ಎಂದು ಮುಗಿಯುವ ನಾಮಪದ ಕಂಡರೆ, ನಿಜವಾದ ಕ್ರಿಯೆ ಅದರೊಳಗೆ ಅಡಗಿದೆ: ‘ಕ್ಯಾರಿ ಔಟ್ ಆನ್ ಇನ್ವೆಸ್ಟಿಗೇಶನ್’ ಬದಲು ‘ಇನ್ವೆಸ್ಟಿಗೇಟ್’ ಸಾಕು. ಆಮೇಲೆ ಆ ಕ್ರಿಯೆಗೆ ಕರ್ತೃವನ್ನು ಕೊಡಿ, ತಂಡದ ಹೆಸರಿಗಿಂತ ವ್ಯಕ್ತಿಯ ಹೆಸರು ಮೇಲು. ಕೊನೆಗೆ ದಿನಾಂಕ, ಗಂಟೆ, ಮೊತ್ತ. ‘ಲೆಟ್ಸ್ ಸರ್ಕಲ್ ಬ್ಯಾಕ್’ (ಆಮೇಲೆ ಮತ್ತೆ ಮಾತಾಡೋಣ) ಎಂಬುದು ‘ಗುರುವಾರ ಮಧ್ಯಾಹ್ನ 3 ಗಂಟೆಗೆ ನಾನೇ ಫೋನ್ ಮಾಡಿ ದರ ತಿಳಿಸುತ್ತೇನೆ’ ಎಂದಾಗಬೇಕು. ಹಾಗೆ ಬರೆಯಲು ಕೈ ಹಿಂಜರಿದರೆ ನಿರ್ಧಾರವೇ ಇನ್ನೂ ಆಗಿಲ್ಲ ಎಂದರ್ಥ. ಆಗ ‘ಇನ್ನೂ ತೀರ್ಮಾನಿಸಿಲ್ಲ’ ಎಂದೇ ಬರೆಯಿರಿ.

ಇಂಥ ಪತ್ರ ಬೇರೆಯವರಿಂದ ಬಂದಾಗ ಪದವನ್ನು ಹಿಡಿದು ಅಣಕಿಸಬೇಡಿ. ಅಣಕಿಸಿದರೆ ಮನುಷ್ಯ ಮುದುಡಿಕೊಳ್ಳುತ್ತಾನೆ, ಮಾಹಿತಿ ಮಾತ್ರ ಬರುವುದಿಲ್ಲ. ‘ಇದನ್ನು ಯಾರು ಮಾಡುತ್ತಾರೆ, ಯಾವ ತಾರೀಖಿನೊಳಗೆ?’ ಎಂದು ಒಂದೇ ಸಾಲು ಮರಳಿ ಬರೆಯಿರಿ.