ಪೀಲಾ ಹೌಸ್: ಹಳದಿಯಲ್ಲದ ಮನೆ

ಕೇಳುಗರಿಗೆ ನಮಸ್ಕಾರ.

1979ರ ಮೇ ತಿಂಗಳು. ಪಿಯುಸಿ ಪರೀಕ್ಷೆ ಬರೆದು, ಮುಂಬಯಿಯಲ್ಲಿ ಹೋಟೆಲು ಕೆಲಸಕ್ಕಿದ್ದ ಸೋದರಮಾವನ ಹತ್ತಿರ ರಜೆಗೆ ಹೋಗಿದ್ದೆ. ಗ್ರಾಂಟ್ ರೋಡಿನ ಕಡೆ ಹೋಗುವ ಬೆಸ್ಟ್ ಎಂಬ ಸಿಟಿ ಬಸ್ಸಿನಲ್ಲಿ ಕಂಡಕ್ಟರು ಟಿಕೆಟಿನ ಕಟ್ಟನ್ನು ಚಕ್ಕುಳಿ ಮುರಿದ ಹಾಗೆ ಚಟಚಟ ಅನ್ನಿಸುತ್ತ, "ಪೀಲಾ ಹೌಸ್, ಪೀಲಾ ಹೌಸ್" ಎಂದು ಕೂಗಿದ. ಪೀಲಾ ಎಂದರೆ ಹಳದಿ ಎಂದು ನಮ್ಮ ಹಿಂದಿ ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ, ಬಸ್ಸಿನ ಕಿಟಕಿಯಿಂದ ಕತ್ತು ಚಾಚಿ ಹಳದಿ ಮನೆ ಹುಡುಕಿದೆ. ಮಸಿ ಬಣ್ಣದ ಮನೆಗಳು, ಪಾಚಿ ಬಣ್ಣದ ಮನೆಗಳು, ಸುಣ್ಣ ಕಂಡು ಎಷ್ಟು ಕಾಲವಾಯಿತೋ ಹೇಳಲಾಗದ ಮನೆಗಳು. ಹಳದಿ ಮಾತ್ರ ಒಂದೂ ಇಲ್ಲ. ರಾತ್ರಿ ಮಾವನನ್ನು ಕೇಳಿದರೆ ಅವರು ಹೊಟ್ಟೆ ಹಿಡಿದು ನಕ್ಕರು. "ಹಳದಿ ಅಲ್ಲ ಮಾರಾಯ, ಪ್ಲೇ ಹೌಸ್. ನಾಟಕಶಾಲೆ."

ಇಂಗ್ಲಿಷಿನ ಪ್ಲೇ ಹೌಸ್ ಜನರ ಬಾಯಲ್ಲಿ ಉರುಳಿ ಉರುಳಿ ಪೀಲಾ ಹೌಸ್ ಆಯಿತು. ಮುಂಬಯಿಯ ಗ್ರಾಂಟ್ ರೋಡಿನ ಉದ್ದಕ್ಕೂ, ಅದರ ಅಡ್ಡರಸ್ತೆಗಳಲ್ಲೂ ಒಂದು ಕಾಲಕ್ಕೆ ಒಂದರ ಮಗ್ಗುಲಿಗೆ ಒಂದು ನಾಟಕಶಾಲೆಗಳಿದ್ದವು. ಹಿಂದೂಸ್ತಾನದ ಅರ್ಧ ಭಾಗಕ್ಕೆ ನಾಟಕ ಹಂಚಿದ ರಸ್ತೆ ಅದು. ಆ ನಾಟಕದ ಗಂಟಿನಲ್ಲಿ ನಮ್ಮದೂ ಒಂದು ಹಿಡಿ ಅಕ್ಕಿ ಇತ್ತು. ಆ ಕಥೆಯನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ಮುಂಬಯಿಯ ಮೊದಲ ನಾಟಕಶಾಲೆ ಇದ್ದದ್ದು ಗ್ರಾಂಟ್ ರೋಡಿನಲ್ಲಲ್ಲ, ಕೋಟೆಯೊಳಗೆ. 1776ರಲ್ಲಿ ಇಂಗ್ಲಿಷರು ತಮ್ಮವರಿಗಾಗಿ, ತಮ್ಮ ಭಾಷೆಯ ನಾಟಕಗಳಿಗಾಗಿ ಕಟ್ಟಿಕೊಂಡದ್ದು. ಹವ್ಯಾಸಿಗಳ ರಂಗಮಂದಿರಕ್ಕೆ ಎಲ್ಲ ಕಾಲದಲ್ಲೂ ಆಗುವುದೇ ಅದಕ್ಕೂ ಆಯಿತು. ಸಾಲ ಕುತ್ತಿಗೆಗೆ ಬಂದು 1835ರಲ್ಲಿ ಕಟ್ಟಡ ಮಾರಾಟವಾಯಿತು. ಕೊಂಡವರು ಪಾರ್ಸಿ ಸಾಹುಕಾರ ಜಮ್‌ಶೆಟ್‌ಜಿ ಜೀಜೀಭಾಯ್. ಆಮೇಲೆ ಹೊಸದೊಂದು ನಾಟಕಶಾಲೆ ಬೇಕೆಂದು ಊರಿನ ದೊಡ್ಡವರೆಲ್ಲ ಸರ್ಕಾರಕ್ಕೆ ಅರ್ಜಿ ಹಾಕಿದರು. ಜಾಗ ಕೊಟ್ಟವರು ಜಗನ್ನಾಥ ಶಂಕರಶೇಟರು. ರೈಲು ತರುವುದಕ್ಕೂ ಶಾಲೆ ಕಟ್ಟುವುದಕ್ಕೂ ಕೈ ಜೋಡಿಸಿದ ಆ ಕಾಲದ ಮುಂಬಯಿಯ ಯಜಮಾನ ಅವರು. ಜಾಗ ಇದ್ದದ್ದು ಗವರ್ನರ್ ರಾಬರ್ಟ್ ಗ್ರಾಂಟ್ ಹೆಸರಿನ ಹೊಸ ರಸ್ತೆಯಲ್ಲಿ. 1846ರ ಫೆಬ್ರವರಿಯಲ್ಲಿ ಅಲ್ಲಿ ಪರದೆ ಎದ್ದಿತು.

ಆದರೆ ಯಾರಿಗೆಂದು ಕಟ್ಟಿದರೋ ಅವರೇ ಬರಲಿಲ್ಲ. ಕೋಟೆಯಿಂದ ಅಲ್ಲಿಗೆ ದಾರಿ ದೂರ, ಆ ದಾರಿಯಾದರೂ ದೇಶೀಯರ ಕೇರಿಗಳ ನಡುವೆ ಹಾದು ಹೋಗಬೇಕು. ರಾತ್ರಿ ಹೊತ್ತು ಸಾರೋಟು ಕಟ್ಟಿಸಿಕೊಂಡು ಅಷ್ಟು ದೂರ ಬರಲು ದೊರೆಸಾನಿಯರು ಮನಸ್ಸು ಮಾಡಲಿಲ್ಲ. ಟಿಕೆಟ್ ದರ ಇಳಿಯಿತು. ದರ ಇಳಿದದ್ದೇ ತಡ, ಗುಜರಾತಿ ವ್ಯಾಪಾರಿಗಳು, ಪಾರ್ಸಿ ಗುಮಾಸ್ತರು, ಕಾಲೇಜು ಹುಡುಗರು ಒಳಗೆ ಬಂದು ಕೂತರು. ಎದುರಿಗೆ ಕೂತವರ ಭಾಷೆ ಬದಲಾದ ಮೇಲೆ ರಂಗದ ಮೇಲಿನ ಭಾಷೆ ಎಷ್ಟು ದಿನ ಹಾಗೇ ಇದ್ದೀತು?

ಈಗ ಸ್ವಲ್ಪ ಹಿಂದಕ್ಕೆ, ಸಾಂಗ್ಲಿಗೆ ಹೋಗೋಣ. 1842ರ ಸುಮಾರಿಗೆ ಕರ್ನಾಟಕದ ಭಾಗವತರ ತಂಡವೊಂದು ಸಾಂಗ್ಲಿ ಸಂಸ್ಥಾನಕ್ಕೆ ಹೋಗಿ ಆಟ ಆಡಿತು. ಅದು ನಮ್ಮ ಹೊನ್ನಾವರದ ಹತ್ತಿರದ ಕರ್ಕಿ ಮೇಳ ಎಂದು ಯಕ್ಷಗಾನದ ವಿದ್ವಾಂಸರು ಹೇಳುತ್ತಾರೆ. ಆಟ ನೋಡಿದ ದೊರೆ ಚಿಂತಾಮಣರಾವ್ ಪಟವರ್ಧನರು, ಇಂಥದ್ದು ಮರಾಠಿಯಲ್ಲೂ ಆಗಬೇಕೆಂದು ತಮ್ಮ ಆಸ್ಥಾನದಲ್ಲಿದ್ದ ವಿಷ್ಣುದಾಸ ಭಾವೆಗೆ ಹೇಳಿದರು. 1843ರಲ್ಲಿ ಭಾವೆ ಸೀತಾ ಸ್ವಯಂವರ ಆಡಿಸಿದರು. ಮರಾಠಿ ರಂಗಭೂಮಿಯವರು ತಮ್ಮ ಹುಟ್ಟಿದ ದಿನ ಎಂದು ಎಣಿಸುವುದು ಆ ಪ್ರಯೋಗವನ್ನೇ.

ಭಾವೆಯವರ ಆಟ ಹೇಗಿತ್ತೆಂದು ಕೇಳಿದರೆ ಕರಾವಳಿಯವರಿಗೆ ನಗು ಬರುತ್ತದೆ. ಮೊದಲು ಗಣಪತಿ ಬರಬೇಕು, ಸರಸ್ವತಿ ಬರಬೇಕು. ವಿದೂಷಕ ಸೂತ್ರಧಾರನ ಜೊತೆ ತಕರಾರು ತೆಗೆಯಬೇಕು. ಹಾಡೆಲ್ಲ ಸೂತ್ರಧಾರನದು. ಪಾತ್ರಧಾರಿಗೆ ಬಾಯಿಪಾಠದ ಮಾತಿಲ್ಲ, ಹಾಡಿನ ಅರ್ಥ ಹಿಡಿದು ಅಲ್ಲೇ ಮಾತು ಕಟ್ಟಬೇಕು. ಇನ್ನು ರಾಕ್ಷಸ ವೇಷ! "ಅಲಲಲ ಢುರ್ರ್" ಎಂದು ಅಬ್ಬರಿಸುತ್ತ ಬರುತ್ತಿತ್ತು. ಆ ಅಬ್ಬರ ಎಷ್ಟು ಹಬ್ಬಿತೆಂದರೆ, ಆ ಬಗೆಯ ನಾಟಕಗಳಿಗೇ ಮರಾಠಿಯಲ್ಲಿ ಅಲಲಡುರ್ರ್ ಎಂಬ ಅಡ್ಡಹೆಸರು ನಿಂತುಬಿಟ್ಟಿತು. ಹಾಗೆಂದು ಮರಾಠಿ ರಂಗಭೂಮಿಗೆ ನಾವೇ ಗುರುಗಳು ಎಂದು ಎದೆ ಉಬ್ಬಿಸುವವರ ಸಾಲಿನಲ್ಲಿ ನಾನಿಲ್ಲ. ಒಂದು ಆಟ ನೋಡಿ ಎದ್ದುಹೋದವರು ಸಾವಿರ ಜನ, ಮನೆಗೆ ಹೋಗಿ ಸ್ವಂತದ್ದೊಂದು ಕಟ್ಟಿದವರು ಭಾವೆ ಒಬ್ಬರೇ.

ಆ ಭಾವೆ 1853ರಲ್ಲಿ ತಂಡ ಕಟ್ಟಿಕೊಂಡು ಮುಂಬಯಿಗೆ ಬಂದರು. ಗಿರಗಾಂವಿನಲ್ಲಿ ಆಡಿ, ಆಮೇಲೆ ಗ್ರಾಂಟ್ ರೋಡಿನ ದೊಡ್ಡ ನಾಟಕಶಾಲೆಯನ್ನೇ ಹಿಡಿದರು. ದೊರೆಗಳಿಗೆಂದು ಹಾಕಿದ್ದ ಕುರ್ಚಿಗಳ ಮುಂದೆ ನಮ್ಮ ಗಣಪತಿ ಕುಣಿದ! ಅದೇ ವರ್ಷ ಅಕ್ಟೋಬರಿನಲ್ಲಿ ಪಾರ್ಸಿಗಳ ಮೊದಲ ನಾಟಕ ಮಂಡಳಿ ಅದೇ ರಂಗದ ಮೇಲೆ ರುಸ್ತುಂ ಸೊಹ್ರಾಬರ ಕಥೆ ಆಡಿತು. ಅದರ ಬೆನ್ನಿಗೆ ನಿಂತವರಲ್ಲಿ ದಾದಾಭಾಯಿ ನವರೋಜಿಯವರೂ ಒಬ್ಬರು. ಮುಂಬಯಿಯಿಂದ ಠಾಣೆಗೆ ಮೊದಲ ರೈಲು ಓಡಿದ್ದೂ ಆ ವರ್ಷವೇ. ಇದನ್ನು ಬರೀ ಕಾಕತಾಳೀಯ ಎನ್ನಲು ನನಗೆ ಮನಸ್ಸಿಲ್ಲ, ಯಾಕೆಂದರೆ ಮುಂದೆ ಪಾರ್ಸಿ ಕಂಪನಿಗಳು ಪರದೆ, ಪೆಟ್ಟಿಗೆ, ಅಡಿಗೆಯವರ ಸಮೇತ ಊರೂರು ಸುತ್ತಿದ್ದು ಆ ಹಳಿಗಳ ಮೇಲೇ.

1868ರಲ್ಲಿ ವಿಕ್ಟೋರಿಯಾ ಕಂಪನಿ ಹುಟ್ಟಿತು, ಗ್ರಾಂಟ್ ರೋಡಿನಲ್ಲೇ ತನ್ನದೊಂದು ನಾಟಕಶಾಲೆಯನ್ನೂ ಕಟ್ಟಿಸಿಕೊಂಡಿತು. ಹಿಂದೆಯೇ ಇನ್ನಷ್ಟು ಕಂಪನಿ, ಇನ್ನಷ್ಟು ನಾಟಕಶಾಲೆ. ಗುಜರಾತಿಯಲ್ಲಿ ಆಡಿದರೆ ಗುಜರಾತಿಯವರು ಮಾತ್ರ ಬರುತ್ತಾರೆ, ಉರ್ದುವಿನಲ್ಲಿ ಆಡಿದರೆ ದಿಲ್ಲಿ, ಹೈದರಾಬಾದಿನಲ್ಲೂ ದುಡ್ಡು ಹುಟ್ಟುತ್ತದೆ ಎಂದು ಮಾಲೀಕರಿಗೆ ಬೇಗ ಹೊಳೆಯಿತು. ಅರಮನೆ, ಕಾಡು, ಇಂದ್ರಲೋಕ ಬರೆದ ಪರದೆಗಳು. ನೆಲ ಬಿರಿದು ಮೇಲೇಳುವ ರಾಕ್ಷಸ, ತಂತಿಯ ಮೇಲೆ ಹಾರುವ ಅಪ್ಸರೆ. ಟ್ರಿಕ್ ಸೀನ್, ಡ್ರಾಪ್ ಸೀನ್, ಒನ್ಸ್ ಮೋರ್ ಎಂದು ನಮ್ಮ ಕಂಪನಿ ನಾಟಕದ ಹಿರಿಯರು ಹೇಳುತ್ತಿದ್ದರಲ್ಲ, ಆ ವೈಭವದ ಮೊದಲ ಅಂಗಡಿ ಇದೇ ರಸ್ತೆ.

ಆ ಅಂಗಡಿಯ ಸರಕು ನಮ್ಮಲ್ಲಿಗೂ ಬಂತು. ಒಂದು ಕಡೆಯಿಂದ ಪಾರ್ಸಿ ಕಂಪನಿ, ಇನ್ನೊಂದು ಕಡೆಯಿಂದ ಸಾಂಗ್ಲಿಯವರು. ಮೈಸೂರಿನಲ್ಲಿ ಚಾಮರಾಜ ಒಡೆಯರು ಅರಮನೆಯ ಆಶ್ರಯದಲ್ಲೇ ಕನ್ನಡ ನಾಟಕ ಸಭೆ ಹುಟ್ಟುಹಾಕಿದರು, ಬಸವಪ್ಪ ಶಾಸ್ತ್ರಿಗಳು ಅದಕ್ಕೆ ಶಾಕುಂತಲವನ್ನು ಕನ್ನಡಿಸಿಕೊಟ್ಟರು. ಗದಗಿನ ಕಡೆ ಆದದ್ದೇ ಬೇರೆ. ಕನ್ನಡದ ನೆಲದಲ್ಲಿ ಎಲ್ಲಿ ನೋಡಿದರೂ ಮರಾಠಿ ನಾಟಕ ನಡೆಯುವುದನ್ನು ಕಂಡು ಸಕ್ಕರಿ ಬಾಳಾಚಾರ್ಯರಿಗೆ, ಅಂದರೆ ಶಾಂತಕವಿಗಳಿಗೆ, ತಡೆಯಲಾಗಲಿಲ್ಲ. ತಾವೇ ನಾಟಕ ಬರೆದರು, ತಾವೇ ಮಂಡಳಿ ಕಟ್ಟಿದರು. ಹೊನ್ನಾವರದಿಂದ ಬಯಲಾಟವಾಗಿ ಹೊರಟದ್ದು ಗದಗಿಗೆ ಪರಭಾಷೆಯ ನಾಟಕವಾಗಿ ಬಂದು ಶಾಂತಕವಿಗಳನ್ನು ಕೆರಳಿಸಿತು. ಮರಾಠಿ ಸಂಗೀತ ನಾಟಕವನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೋ, ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ!

ಇತ್ತ ಗ್ರಾಂಟ್ ರೋಡಿನ ಹೆಸರು ಕೆಡುತ್ತ ಬಂತು. ಪಕ್ಕದಲ್ಲೇ ವೇಶ್ಯೆಯರ ಕೇರಿಗಳಾದ ಕಾಮಾಟಿಪುರ, ಫೋರಸ್ ರೋಡು. ಮರ್ಯಾದಸ್ಥರೆನಿಸಿಕೊಂಡವರಿಗೆಂದು ಬೋರಿಬಂದರಿನ ಹತ್ತಿರ ಗೇಯಟಿ, ನಾವೆಲ್ಟಿ ಎಂಬ ಹೊಸ ನಾಟಕಶಾಲೆಗಳು ಎದ್ದವು. ಪೀಲಾ ಹೌಸಿಗೆ ಉಳಿದವರು ಗಿರಣಿ ಕೆಲಸದವರು, ಹಮಾಲರು, ಹಡಗಿನವರು. ಅವರಿಗಾಗಿ ತಮಾಷಾ ಎಂಬ ಮರಾಠಿ ಜನಪದ ಆಟ ಬಂತು, ಲಾವಣಿ ಬಂತು. ಇತಿಹಾಸ ಬರೆಯುವವರು ಇದನ್ನು ಅವನತಿ ಎನ್ನುತ್ತಾರೆ. ದಿನವಿಡೀ ಮಗ್ಗದ ಮುಂದೆ ನಿಂತು ಬಂದವನು ಹಾಗೆನ್ನುತ್ತಿದ್ದನೇ ಎಂದು ನನಗೆ ಅನುಮಾನ.

1896ರ ಜುಲೈ 7ರಂದು ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಲಿಸುವ ಚಿತ್ರ ಬಂತು. ಟಿಕೆಟು ಒಂದು ರೂಪಾಯಿ. ವಾರ ಕಳೆಯುವಷ್ಟರಲ್ಲಿ ಅದು ನಾವೆಲ್ಟಿ ನಾಟಕಶಾಲೆಗೆ ಹೋಯಿತು, ಅಲ್ಲಿ ನಾಲ್ಕಾಣೆಗೂ ನೋಡಬಹುದಿತ್ತು. ನಾಟಕದವರ ಮನೆಯೊಳಗೆ ಸಿನಿಮಾ ಕಾಲಿಟ್ಟದ್ದು ಹೀಗೆ, ಬಾಡಿಗೆದಾರನಾಗಿ.

ಸಿನಿಮಾ ಎಂದಾಗ ಗ್ರಾಂಟ್ ರೋಡಿನ ಒಂದು ಹೋಟೆಲಿನ ವಿಷಯ ಹೇಳಲೇಬೇಕು. ದಾದಾಸಾಹೇಬ ಫಾಲ್ಕೆ ಹರಿಶ್ಚಂದ್ರನ ಚಿತ್ರಕ್ಕೆ ತಾರಾಮತಿಯನ್ನು, ಅಂದರೆ ನಮ್ಮ ಚಂದ್ರಮತಿಯನ್ನು, ಹುಡುಕುತ್ತಿದ್ದರು. ಜಾಹೀರಾತು ಕೊಟ್ಟರು, ಯಾರೂ ಬರಲಿಲ್ಲ. ವೇಶ್ಯೆಯರ ಕೇರಿಗೆ ಹೋಗಿ ಕೇಳಿದರು, ಅವರೂ ಒಲ್ಲೆವೆಂದರು. ನಾಟಕದಲ್ಲಾದರೆ ಗಂಡಸರೇ ಹೆಣ್ಣಾಗುತ್ತಿದ್ದ ಕಾಲ, ಆದರೆ ಈ ಕ್ಯಾಮೆರಾ ಎಂಬುದನ್ನು ಯಾರು ನಂಬಬೇಕು? ಕೊನೆಗೆ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಅಡಿಗೆ ಮಾಡಿಕೊಂಡಿದ್ದ ಸಾಳುಂಕೆ ಎಂಬ ಹುಡುಗ ಕಣ್ಣಿಗೆ ಬಿದ್ದ. ತೆಳು ಮೈಕಟ್ಟು, ನಾಜೂಕಿನ ಕೈಬೆರಳು. ಹೋಟೆಲಿನಲ್ಲಿ ತಿಂಗಳಿಗೆ 10 ರೂಪಾಯಿ ಇತ್ತಂತೆ, ಫಾಲ್ಕೆ 15 ಕೊಡುತ್ತೇನೆ ಎಂದರಂತೆ. ಭಾರತದ ಬೆಳ್ಳಿತೆರೆಯ ಮೊದಲ ನಾಯಕಿ ಹೀಗೆ ಒಲೆಯ ಮುಂದಿನಿಂದ ಎದ್ದು ಬಂದವನು. 1913ರ ಮೇ 3ರಂದು ಗಿರಗಾಂವಿನ ಕಾರೊನೇಷನ್ ಚಿತ್ರಮಂದಿರದಲ್ಲಿ ಜನ ಅವನನ್ನು ತಾರಾಮತಿಯಾಗಿ ಕಂಡರು. ನಾಲ್ಕು ವರ್ಷ ಬಿಟ್ಟು ಲಂಕಾದಹನ ಬಂದಾಗ ರಾಮನೂ ಅವನೇ, ಸೀತೆಯೂ ಅವನೇ.

ಗಿರಗಾಂವಿನಲ್ಲೇ ಮೆಜೆಸ್ಟಿಕ್ ಎಂಬ ಚಿತ್ರಮಂದಿರವಿತ್ತು. 1931ರ ಮಾರ್ಚ್ 14ರಂದು ಮೊದಲ ಟಾಕಿ ಆಲಂ ಆರಾ ಬಿಡುಗಡೆಯಾದದ್ದು ಅಲ್ಲಿ. ನೂಕುನುಗ್ಗಲು ತಡೆಯಲು ಪೊಲೀಸರು ಬಂದರು, ನಾಲ್ಕಾಣೆಯ ಟಿಕೆಟು ನಾಲ್ಕೈದು ರೂಪಾಯಿಗೆ ಬ್ಲಾಕಿನಲ್ಲಿ ಹೋಯಿತು. ಆ ಮೆಜೆಸ್ಟಿಕ್ಕೂ ಈಗಿಲ್ಲ, ನಮ್ಮ ಬೆಂಗಳೂರಿನ ಮೆಜೆಸ್ಟಿಕ್ ಟಾಕೀಸೂ ಇಲ್ಲ. ಆದರೂ ನಮ್ಮ ಬಸ್ಸುಗಳು ದಿನಾ ಬೆಳಿಗ್ಗೆ ಮೆಜೆಸ್ಟಿಕ್ಕಿಗೇ ಹೋಗುತ್ತವೆ.

ಗ್ರಾಂಟ್ ರೋಡಿನಿಂದ ಸ್ವಲ್ಪ ದೂರದಲ್ಲಿ ರಾಯಲ್ ಆಪೆರಾ ಹೌಸ್. 1911ರಲ್ಲಿ, ಇನ್ನೂ ಕಟ್ಟಿ ಮುಗಿಯುವ ಮೊದಲೇ, ಐದನೆಯ ಜಾರ್ಜ್ ದೊರೆ ಬಂದು ಉದ್ಘಾಟಿಸಿ ಹೋದ. ಅದರ ಹತ್ತಿರವೇ ಬಿ.ಆರ್. ದೇವಧರರ ಸಂಗೀತ ಶಾಲೆ. ಬೆಳಗಾವಿಯ ಸುಳೇಭಾವಿಯಿಂದ ಬಂದ ಶಿವಪುತ್ರ ಎಂಬ ಹುಡುಗ ಕಲಿತದ್ದು ಆ ಶಾಲೆಯಲ್ಲಿ. ಕುಮಾರ ಗಂಧರ್ವ ಎಂದರೆ ನಿಮಗೆಲ್ಲ ಗೊತ್ತಾಗುತ್ತದೆ. ಬೀಳಗಿಯ ಅಮೀರಬಾಯಿ ಕರ್ನಾಟಕಿ ಹೆಸರಲ್ಲೇ ನಾಡನ್ನು ಕಟ್ಟಿಕೊಂಡು ಇದೇ ಮುಂಬಯಿಗೆ ಬಂದು ಹಿಂದಿ ಚಿತ್ರಗಳಲ್ಲಿ ಹಾಡಿದರು. ಹಾಡಲು ಬಂದವರು ಇಬ್ಬರಾದರೆ, ಹಾಡು ಕೇಳಿ ಬಂದವರಿಗೆ ಇಡ್ಲಿ ಕೊಡಲು ಬಂದ ನಮ್ಮವರು ಸಾವಿರಾರು.

ಅವರಲ್ಲಿ ಒಬ್ಬರು ನಮ್ಮ ಮಾವ. ಗ್ರಾಂಟ್ ರೋಡಿನ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ಅವರಿದ್ದ ಹೋಟೆಲಿನಲ್ಲಿ ಗಡಿಯಾರ ನೋಡುವವರೇ ಇರಲಿಲ್ಲ. ಸುತ್ತಲೂ ಟಾಕೀಸು. ಮ್ಯಾಟಿನಿ ಶುರುವಾಯಿತೆಂದರೆ ರುಬ್ಬುವ ಕೆಲಸ, ಫಸ್ಟ್ ಶೋ ಬಿಟ್ಟಿತೆಂದರೆ ದೋಸೆ ಕಾವಲಿಗೆ ಬೆಂಕಿ. ಮಿನರ್ವಾದಲ್ಲಿ ಶೋಲೆ 1975ರಿಂದ ಓಡುತ್ತಲೇ ಇತ್ತು, ಐದು ವರ್ಷ ದಾಟಿ ಓಡಿತು. ಇಂಟರ್ವಲ್ಲಿಗೆ ಹತ್ತು ನಿಮಿಷ ಮೊದಲು ಮಾವ ಒಂದೇ ಕೈಯಲ್ಲಿ ಎಂಟು ಗ್ಲಾಸು ಸಾಲಾಗಿ ಜೋಡಿಸಿ, ಕೆಟಲ್ಲನ್ನು ಎತ್ತರಕ್ಕೆ ಹಿಡಿದು, ಹನಿ ಚೆಲ್ಲದೆ ಅರ್ಧರ್ಧ ಕಟಿಂಗ್ ಚಾ ಸುರಿಯುತ್ತಿದ್ದರು. ಒಂದೊಂದು ಗ್ಲಾಸಿಗೂ ಒಂದೇ ಮಟ್ಟ, ಗೆರೆ ಎಳೆದ ಹಾಗೆ. ಮುಂಬಯಿಯಲ್ಲಿ ನಾನು ಕಂಡ ಟ್ರಿಕ್ ಸೀನ್ ಅದೊಂದೇ. ಹತ್ತು ಹೆಜ್ಜೆ ದೂರದಲ್ಲಿ ಓಡುತ್ತಿದ್ದ ಶೋಲೆಯನ್ನು ನೀವು ನೋಡಿದ್ದೀರಾ ಎಂದು ಕೇಳಿದೆ. "ಪೂರ್ತಿ ಎಲ್ಲಿ ನೋಡುದು? ಇಂಟರ್ವಲ್ಲಿಗೆ ಇಲ್ಲಿ ಇರ್ಕಲ್ಲ" ಎಂದರು.

ಆಮೇಲಿನದ್ದು ಬೇಗ ಹೇಳಿ ಮುಗಿಸಬಹುದು. 1982ರಲ್ಲಿ ಗಿರಣಿ ಮುಷ್ಕರ ಶುರುವಾಯಿತು, ಮತ್ತೆ ಅನೇಕ ಗಿರಣಿಗಳು ಚೇತರಿಸಿಕೊಳ್ಳಲೇ ಇಲ್ಲ. ಮನೆಮನೆಗೆ ಟಿವಿ ಬಂತು, ವಿಡಿಯೊ ಬಂತು. ಆಪೆರಾ ಹೌಸ್ 1993ರಲ್ಲಿ ಬಾಗಿಲು ಹಾಕಿ, ರಿಪೇರಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಅಷ್ಟು ಅದೃಷ್ಟ ಬೇರೆಯವಕ್ಕೆ ಇರಲಿಲ್ಲ. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿನಿಮಾ ವಿತರಕರ ಕಚೇರಿಗಳಿದ್ದ ನಾಜ್ ಕಟ್ಟಡ ಒಂದು ಕಾಲಕ್ಕೆ, ನಮ್ಮ ಗಾಂಧಿನಗರದಂತೆ, ಶುಕ್ರವಾರ ಬಿಡುಗಡೆಯಾಗುವ ಚಿತ್ರಗಳ ಹಣೆಬರಹ ಬರೆಯುತ್ತಿದ್ದ ಜಾಗ; ಆ ವೈಭವವೂ ಹೋಯಿತು. ಲ್ಯಾಮಿಂಗ್ಟನ್ ರೋಡಿಗೆ ಈಗ ಜನ ಹೋಗುವುದು ಕಂಪ್ಯೂಟರಿನ ಬಿಡಿಭಾಗಕ್ಕೆ, ಸಿಸಿಟಿವಿ ಕ್ಯಾಮೆರಾಕ್ಕೆ.

ಮಾವ ಕೆಲಸ ಬಿಟ್ಟು ಊರಿಗೆ ಬಂದ ಮೇಲೆ, ಕುಂದಾಪುರದ ಹತ್ತಿರ ಗದ್ದೆಯಲ್ಲಿ ನಡೆದ ಒಂದು ಬಯಲಾಟಕ್ಕೆ ಅವರ ಜೊತೆ ಹೋಗಿದ್ದೆ. ಪ್ರಸಂಗ ಯಾವುದಿತ್ತೋ ಮರೆತೆ. ರಾಕ್ಷಸ ವೇಷ ಅಬ್ಬರಿಸಿಕೊಂಡು ಬರುವ ಹೊತ್ತು, ಚಂಡೆ ಏರುತ್ತಿತ್ತು. ಮಾವ ಪಂಚೆ ಕೊಡವಿ ಎದ್ದು ನಿಂತರು. ಎಲ್ಲಿಗೆ ಹೊರಟಿರಿ ಎಂದೆ. ಗದ್ದೆಯ ಅಂಚಿನ ಚಾದ ಅಂಗಡಿಯ ಕಡೆ ನೋಡಿ, ನನ್ನ ಕೈಗಡಿಯಾರ ಹಿಡಿದು ತಿರುಗಿಸಿದರು. ಹತ್ತೂವರೆಗೆ ಐದು ನಿಮಿಷ ಇತ್ತು.

"ಇಂಟರ್ವಲ್ ಬಿಡುಕಾಯ್ತ್" ಎಂದರು.